ಟ್ಯಾಕ್ಸ್ ಹಾಕೋ ಅಧಿಕಾರಾನೇ ಇಲ್ಲದ ಸರ್ಕಾರ ಎಂಟು ವರ್ಷ ಯುದ್ಧ ಮಾಡಿದ್ದು ಹೇಗೆ?

1781ರ ಅಕ್ಟೋಬರ್ 19ನೇ ತಾರೀಕು ವರ್ಜೀನಿಯಾದ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್ ಸೈನ್ಯ ಶರಣಾಯ್ತು. ಅಮೆರಿಕಾ ಸ್ವಾತಂತ್ರ್ಯ ಯುದ್ಧದಲ್ಲಿ ಅದಕ್ಕಿಂತ ದೊಡ್ಡ ಗೆಲುವು ಇನ್ನೊಂದಿಲ್ಲ. ಸುದ್ದಿ ತಗೊಂಡು ಒಬ್ಬ ಕುದುರೆ ಮೇಲೆ ಫಿಲಡೆಲ್ಫಿಯಾಗೆ ಬಂದ, ಊರಿಗೂರೇ ಕುಣಿದಾಡ್ತು, ಆದ್ರೆ ಬಂದವನ ದಾರಿಖರ್ಚಿಗೆ ಕೊಡೋಣ ಅಂದ್ರೆ ದೇಶದ ಖಜಾನೆಯಲ್ಲಿ ಅಷ್ಟು ಬೆಳ್ಳಿ ನಾಣ್ಯ ಇರ್ಲಿಲ್ಲ! ಕೊನೆಗೆ ಕಾಂಗ್ರೆಸ್ ಮೆಂಬರ್‌ಗಳೇ ಜೇಬಿಗೆ ಕೈ ಹಾಕಿ ತಲಾ ಒಂದೊಂದು ಡಾಲರ್ ಒಟ್ಟು ಮಾಡಿ ಕೊಟ್ರು. ಅವತ್ತು ಡಾಲರ್ ಕೊಟ್ಟವರಲ್ಲಿ ಒಬ್ಬರಾದ ಇಲಾಯಸ್ ಬೌಡಿನಾಟ್ ಇದನ್ನ ಬರೆದಿಟ್ಟಿದ್ದಾರೆ.

(ಕಾರ್ನ್‌ವಾಲಿಸ್ ಅಂದ್ರೆ ನಮಗೆ ಗೊತ್ತಿರೋ ಅದೇ ಕಾರ್ನ್‌ವಾಲಿಸ್. ಅಲ್ಲಿ ಸೋತು ಹೋದವನು ಆಮೇಲೆ ಇಂಡಿಯಾಗೆ ಗವರ್ನರ್ ಜನರಲ್ ಆಗಿ ಬಂದು 1791ರಲ್ಲಿ ಬೆಂಗಳೂರು ಕೋಟೆ ಹಿಡಿದ, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನ ಒತ್ತೆ ಇಟ್ಕೊಂಡ.)

ಈ ಯುದ್ಧದ ಬಗ್ಗೆ ಸ್ಕೂಲಲ್ಲಿ ನಾವು ಓದಿದ್ದು ಬಾಸ್ಟನ್ ಟೀ ಪಾರ್ಟಿ, ಜುಲೈ 4, ಜಾರ್ಜ್ ವಾಷಿಂಗ್ಟನ್, ಅಲ್ಲಿಗೆ ಮುಗೀತು. ಆದ್ರೆ ಇಷ್ಟು ವರ್ಷ ಸೈನ್ಯಕ್ಕೆ ಹಿಟ್ಟು ಎಲ್ಲಿಂದ ಬಂತು, ಸಂಬಳ ಯಾರು ಕೊಟ್ರು, ಆರ್ಡರ್ ಯಾರು ಹಾಕ್ತಿದ್ರು, ಹಾಕಿದ ಆರ್ಡರನ್ನ ಯಾರಾದ್ರೂ ಲೆಕ್ಕಕ್ಕೆ ತಗೋತಿದ್ರಾ ಅನ್ನೋದನ್ನ ಹುಡುಕ್ತಾ ಹೋದ್ರೆ ಬೇರೇನೇ ಕಥೆ ಸಿಗುತ್ತೆ. ನನ್ನ ಪ್ರಕಾರ ಗನ್ನು ಫಿರಂಗಿಗಿಂತ ಆ ಕಥೇನೇ ಜಾಸ್ತಿ ಇಂಟರೆಸ್ಟಿಂಗ್.

ಮೊದಲು ಈ ಕಾಂಗ್ರೆಸ್ ಅಂದ್ರೆ ಏನು ಅಂತ ನೋಡೋಣ. ಈಗ ವಾಷಿಂಗ್ಟನ್ ಡಿಸಿಯಲ್ಲಿರೋ ಕಾಂಗ್ರೆಸ್ ಅಲ್ಲ ಇದು. 1774ರ ಸೆಪ್ಟೆಂಬರ್‌ನಲ್ಲಿ ಫಿಲಡೆಲ್ಫಿಯಾದ ಕಾರ್ಪೆಂಟರ್ಸ್ ಹಾಲ್‌ನಲ್ಲಿ ಅಲ್ಲಿದ್ದ 13 ಬ್ರಿಟಿಷ್ ಕಾಲೊನಿಗಳಲ್ಲಿ (ಆಮೇಲೆ ಇವೇ ರಾಜ್ಯಗಳಾದ್ವು) 12ರ ಪ್ರತಿನಿಧಿಗಳು ಸೇರಿದ್ರು, ಜಾರ್ಜಿಯಾದವರು ಬಂದಿರ್ಲಿಲ್ಲ. ಸೇರಿದ್ದು ರಾಜನಿಗೆ ಒಂದು ಮನವಿ ಬರೆಯೋಕೆ, ಬ್ರಿಟಿಷ್ ಮಾಲು ಬಾಯ್ಕಾಟ್ ಮಾಡೋಕೆ ಅಷ್ಟೇ, ದೇಶ ನಡೆಸೋ ಯೋಚನೆ ಯಾರ ತಲೆಯಲ್ಲೂ ಇರ್ಲಿಲ್ಲ. ಮತ್ತೆ ಸೇರೋಣ ಅಂತ ಹೇಳಿ ಹೋದವರು 1775ರ ಮೇ 10ಕ್ಕೆ ವಾಪಸ್ ಬರೋ ಹೊತ್ತಿಗೆ ಏಪ್ರಿಲ್ 19ರಂದು ಲೆಕ್ಸಿಂಗ್ಟನ್, ಕಾನ್ಕಾರ್ಡ್‌ನಲ್ಲಿ ಗುಂಡು ಹಾರಿ ಆಗಿತ್ತು, ಬಾಸ್ಟನ್ ಸುತ್ತ ಸಾವಿರಾರು ಜನ ರೈತರು ಕೋವಿ ಹಿಡ್ಕೊಂಡು ಬೀಡು ಬಿಟ್ಟಿದ್ರು, ಅವರಿಗೆ ಊಟ ಹಾಕೋರು ಯಾರು, ಅವರ ಮೇಲೆ ಸೇನಾಪತಿ ಯಾರು ಅನ್ನೋ ಪ್ರಶ್ನೆ ಬಂದು ಮೇಜಿನ ಮೇಲೆ ಕೂತ್ಬಿಟ್ಟಿತ್ತು. ಹೀಗೆ ಅರ್ಜಿ ಬರೆಯೋಕೆ ಸೇರಿದ್ದ ಮೀಟಿಂಗು ಸರ್ಕಾರ ಆಗ್ಹೋಯ್ತು. ಜೂನ್ 15ಕ್ಕೆ ವಾಷಿಂಗ್ಟನ್‌ನ ಕಮಾಂಡರ್ ಮಾಡಿದ್ರು, ಒಂದು ವಾರ ಬಿಟ್ಟು ಜೂನ್ 22ಕ್ಕೆ 20 ಲಕ್ಷ ಡಾಲರ್ ನೋಟು ಪ್ರಿಂಟ್ ಮಾಡೋಣ ಅಂತ ತೀರ್ಮಾನ ಮಾಡಿದ್ರು.

ಈ ಸರ್ಕಾರದ ಕಟ್ಟಡ ಹೇಗಿತ್ತು ಅಂದ್ರೆ, ಕಟ್ಟಡವೇ ಇರ್ಲಿಲ್ಲ ಅನ್ನಬೇಕು. ಪ್ರಧಾನಿ ಇಲ್ಲ, ಮಂತ್ರಿಗಳಿಲ್ಲ, ಕೋರ್ಟಿಲ್ಲ. ಕಾಂಗ್ರೆಸ್‌ಗೆ ಒಬ್ಬ ಪ್ರೆಸಿಡೆಂಟ್ ಇದ್ದ, ಜಾನ್ ಹ್ಯಾನ್‌ಕಾಕ್ ಅಂಥವರು, ಆದ್ರೆ ಅವರ ಕೆಲಸ ಸಭೆ ನಡೆಸೋದು, ಪತ್ರಕ್ಕೆ ಸಹಿ ಹಾಕೋದು. ಒಂದು ಕಾಲೊನಿಗೆ ಒಂದೇ ವೋಟು, ದೊಡ್ಡ ವರ್ಜೀನಿಯಾಗೂ ಒಂದೇ, ಪುಟ್ಟ ಡೆಲವೇರ್‌ಗೂ ಒಂದೇ. ಎಲ್ಲ ಕೆಲಸಾನೂ ಕಮಿಟಿ ಮಾಡಿ ನಡೆಸ್ತಿದ್ರು: ಗನ್‌ಪೌಡರಿಗೊಂದು ಕಮಿಟಿ, ಉಪ್ಪಿಗೊಂದು ಕಮಿಟಿ, ವಿದೇಶಕ್ಕೆ ಗುಟ್ಟಾಗಿ ಪತ್ರ ಬರೆಯೋಕೊಂದು ಕಮಿಟಿ. 1776ರ ಜೂನ್‌ನಲ್ಲಿ ಬೋರ್ಡ್ ಆಫ್ ವಾರ್ ಅಂತ ಮಾಡಿದ್ರು, ಜಾನ್ ಆಡಮ್ಸ್ ಅದರ ಮುಖ್ಯಸ್ಥ, ಆ ಮನುಷ್ಯ ವಕೀಲ, ಒಂದು ದಿನಾನೂ ಯುದ್ಧ ಮಾಡಿದವನಲ್ಲ, ಬೆಳಗ್ಗೆ ಕಮಿಟಿ, ಹಗಲೆಲ್ಲ ಸಭೆ, ರಾತ್ರಿ ಮತ್ತೆ ಕಮಿಟಿ.

ಯಾಕೆ ಹೀಗೆ? ಬುದ್ಧಿ ಇಲ್ಲದೆ ಅಲ್ಲ. ಜಗಳ ಶುರುವಾಗಿದ್ದೇ ದೂರದಲ್ಲಿ ಕೂತಿರೋ ಒಂದು ಸಭೆ ನಮ್ಮ ಮೇಲೆ ಟ್ಯಾಕ್ಸ್ ಹಾಕುತ್ತೆ ಅಂತ. ಲಂಡನ್ನಿನ ಪಾರ್ಲಿಮೆಂಟಿಗೆ ಆ ಹಕ್ಕಿಲ್ಲ ಅಂತ ಬಡಿದಾಡ್ತಿರುವಾಗ ಫಿಲಡೆಲ್ಫಿಯಾದಲ್ಲಿ ಅಂಥದ್ದೇ ಇನ್ನೊಂದನ್ನ ತಂದು ಕೂರಿಸೋಕೆ ಯಾರಿಗೂ ಮನಸ್ಸಿರ್ಲಿಲ್ಲ. ಅದೂ ಅಲ್ದೆ ಕಾಂಗ್ರೆಸ್ ಮೆಂಬರ್‌ಗಳನ್ನ ಜನ ನೇರವಾಗಿ ಆರಿಸಿದ್ದಲ್ಲ, ರಾಜ್ಯಗಳು ಕಳ್ಸಿದ್ದು. ಆದ್ದರಿಂದ ಟ್ಯಾಕ್ಸ್ ಹಾಕೋ ಅಧಿಕಾರ ರಾಜ್ಯಗಳ ಕೈಯಲ್ಲೇ ಉಳೀತು, ಕಾಂಗ್ರೆಸ್‌ಗೆ ಉಳಿದಿದ್ದು ಕೇಳೋ ಅಧಿಕಾರ ಮಾತ್ರ. ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ನೋಡಿ, ಮೇಂಟೆನೆನ್ಸ್ ಕೊಡಿ ಅಂತ ಗ್ರೂಪಲ್ಲಿ ಮೆಸೇಜ್ ಹಾಕ್ಬಹುದು, ಕೊಡದೇ ಇದ್ದವರ ನೀರು ಕಟ್ ಮಾಡೋ ಹಾಗಿಲ್ಲ ಅಂದ್ರೆ ಏನಾಗುತ್ತೋ ಅದೇ ಪರಿಸ್ಥಿತಿ, ಇಲ್ಲಿ 13 ಮನೆ, ಮತ್ತೆ ಗೇಟಲ್ಲಿ ಬ್ರಿಟಿಷ್ ಸೈನ್ಯ.

ಇದಕ್ಕೆ ಲಿಖಿತ ರೂಪ ಕೊಟ್ಟಿದ್ದು ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್ ಅನ್ನೋ ಒಪ್ಪಂದ. 1776ರಲ್ಲಿ ಜಾನ್ ಡಿಕಿನ್ಸನ್ ಕರಡು ಮಾಡಿದ, ಕಾಂಗ್ರೆಸ್ 1777ರ ನವೆಂಬರ್‌ನಲ್ಲಿ ಪಾಸ್ ಮಾಡ್ತು, ಆದ್ರೆ ಎಲ್ಲ 13 ರಾಜ್ಯಗಳೂ ಒಪ್ಪಬೇಕಿತ್ತು, ಪಶ್ಚಿಮದ ಜಮೀನಿನ ವಿಷಯಕ್ಕೆ ಮೇರಿಲ್ಯಾಂಡ್ ಮುನಿಸ್ಕೊಂಡು ಕೂತಿದ್ರಿಂದ ಜಾರಿಗೆ ಬಂದಿದ್ದು 1781ರ ಮಾರ್ಚ್ 1ಕ್ಕೆ. ಅಂದ್ರೆ ಯುದ್ಧದ ಬಹುಪಾಲು ಈ ಸರ್ಕಾರಕ್ಕೆ ಸಂವಿಧಾನ ಅಂತ ಒಂದು ಕಾಗದವೂ ಇರ್ಲಿಲ್ಲ. ಬಂದ ಮೇಲೂ ದೊಡ್ಡ ವಿಷಯಗಳಿಗೆ 9 ರಾಜ್ಯಗಳ ಒಪ್ಪಿಗೆ ಬೇಕು, ತಿದ್ದುಪಡಿಗೆ 13ಕ್ಕೆ 13ರದ್ದೂ ಬೇಕು. ಈ 13ರ ರೂಲು ಮುಂದೆ ಹೇಗೆ ಕಾಲಿಗೆ ತೊಡರ್ಕೊಂಡಿತು ಅಂತ ಹೇಳ್ತೀನಿ.

ಈಗ ದುಡ್ಡಿನ ವಿಷಯ. ಟ್ಯಾಕ್ಸ್ ಇಲ್ಲ, ಸಾಲ ಕೊಡೋರೂ ಶುರುವಿಗೆ ಯಾರಿಲ್ಲ, ಉಳಿದಿದ್ದು ಪ್ರಿಂಟಿಂಗ್ ಪ್ರೆಸ್. ನೋಟಿನ ಹಿಂದೆ ಇದ್ದ ಗ್ಯಾರಂಟಿ ಇಷ್ಟೇ, ಮುಂದೆ ಯಾವತ್ತೋ ರಾಜ್ಯಗಳು ಟ್ಯಾಕ್ಸ್ ಎತ್ತಿ ಈ ನೋಟನ್ನ ವಾಪಸ್ ತಗೋತಾವೆ ಅಂತ. ನಕಲಿ ಮಾಡೋಕೆ ಆಗ್ಬಾರದು ಅಂತ ನಿಜವಾದ ಮರದ ಎಲೆಯ ಅಚ್ಚನ್ನ ನೋಟಿನ ಹಿಂಬದಿಗೆ ಒತ್ತಿಸ್ತಿದ್ರು, ಎಲೆಯ ನರಗಳನ್ನ ಯಾರೂ ಕೈಯಲ್ಲಿ ಕೆತ್ತೋಕಾಗಲ್ಲ ಅಂತ, ಈ ಐಡಿಯಾ ಬೆಂಜಮಿನ್ ಫ್ರಾಂಕ್ಲಿನ್‌ದು, ಅವನು ಮೊದಲು ಪ್ರಿಂಟರ್ ತಾನೇ. ಆದ್ರೂ ಬ್ರಿಟಿಷರು ಬಿಡ್ಲಿಲ್ಲ, ಅವರ ಕೈಲಿದ್ದ ನ್ಯೂಯಾರ್ಕ್‌ನಲ್ಲಿ ರಾಶಿ ರಾಶಿ ಖೋಟಾ ನೋಟು ಹೊಡೆದ್ರು, 1777ರಲ್ಲಿ ಅಲ್ಲಿನ ಪೇಪರಲ್ಲಿ ಬೇರೆ ಕಾಲೊನಿಗೆ ಹೋಗೋರು ಬೇಕಾದಷ್ಟು ಖೋಟಾ ನೋಟು ತಗೊಂಡು ಹೋಗ್ಬಹುದು ಅಂತ ರಾಜಾರೋಷವಾಗಿ ಜಾಹೀರಾತೇ ಬಂದಿತ್ತು!

ಖೋಟಾ ನೋಟಿಗಿಂತ ದೊಡ್ಡ ತೊಂದರೆ ಅಸಲಿ ನೋಟಿನದ್ದೇ. 1775ರ ಕೊನೆಗೆ 60 ಲಕ್ಷ ಡಾಲರ್ ಇದ್ದಿದ್ದು ವರ್ಷ ವರ್ಷ ಏರ್ತಾ ಹೋಗಿ 1779ರ ಸೆಪ್ಟೆಂಬರ್ ಹೊತ್ತಿಗೆ ಕಾಂಗ್ರೆಸ್ಸೇ ಹೆದರಿ 20 ಕೋಟಿಗೆ ನಿಲ್ಲಿಸ್ತೀವಿ ಅಂತ ಗೆರೆ ಎಳೀಬೇಕಾಯ್ತು. ಅದೇ ವರ್ಷ ವಾಷಿಂಗ್ಟನ್ ಒಂದು ಪತ್ರದಲ್ಲಿ, ಒಂದು ಗಾಡಿ ತುಂಬ ದುಡ್ಡು ಕೊಟ್ರೂ ಒಂದು ಗಾಡಿ ದವಸ ಸಿಗೋದು ಕಷ್ಟ ಆಗಿದೆ ಅಂತ ಬರೆದ. 1780ರ ಮಾರ್ಚ್ 18ಕ್ಕೆ ಕಾಂಗ್ರೆಸ್ 40 ಹಳೇ ಡಾಲರಿಗೆ 1 ಬೆಳ್ಳಿ ಡಾಲರ್ ಅಂತ ಲೆಕ್ಕ ಕಟ್ಟಿತು. ನೇರವಾಗಿ ಹೇಳ್ಬೇಕಂದ್ರೆ ದಿವಾಳಿ. ಇನ್ನೊಂದು ವರ್ಷಕ್ಕೆ ಆ ನೋಟನ್ನ ಯಾರೂ ಮುಟ್ಟದ ಹಾಗಾಯ್ತು.

ಇಲ್ಲಿ ಫ್ರಾಂಕ್ಲಿನ್ ಒಂದು ಮಾತು ಹೇಳಿದ್ದ, ನೋಟು ಕೈಯಲ್ಲಿದ್ದಷ್ಟು ಹೊತ್ತೂ ಅದರ ಬೆಲೆ ಸ್ವಲ್ಪ ಸ್ವಲ್ಪ ಕಮ್ಮಿ ಆಗ್ತಾ ಹೋಗುತ್ತಲ್ಲ, ಅದೇ ಒಂಥರಾ ನಿಧಾನದ ಟ್ಯಾಕ್ಸು ಅಂತ. ಅಂದ್ರೆ ಟ್ಯಾಕ್ಸ್ ಹಾಕೋ ಹಕ್ಕಿಲ್ಲ ಅಂದ ಸರ್ಕಾರ ಹಾಕಿದ್ದು ಟ್ಯಾಕ್ಸೇ, ಯಾರ ವೋಟೂ ಇಲ್ದೆ, ರಸೀದಿ ಇಲ್ದೆ. ನನಗನ್ಸೋದು ಅದು ಎಲ್ಲಕ್ಕಿಂತ ಅನ್ಯಾಯದ ಟ್ಯಾಕ್ಸ್, ಯಾಕಂದ್ರೆ ಇರೋ ಬರೋ ನೋಟನ್ನ ಬೇಗ ಜಮೀನಿಗೋ ಮಾಲಿಗೋ ಹಾಕಿದ ವ್ಯಾಪಾರಿ ತಪ್ಪಿಸ್ಕೊಂಡ, ಹಳೇ ಸಾಲ ಇದ್ದವನು ಹರಿದ ಕಾಗದದಲ್ಲಿ ಸಾಲ ತೀರಿಸಿ ನಕ್ಕ, ತಿಂಗಳ ಸಂಬಳ ಅಂತ ಕಾಯ್ತಾ ಕೂತಿದ್ದ ಸೈನಿಕ, ಬಡ್ಡಿ ದುಡ್ಡಲ್ಲಿ ಬದುಕ್ತಿದ್ದ ವಿಧವೆ ಸಿಕ್ಕಾಕ್ಕೊಂಡ್ರು.

ಬೆಲೆ ಏರಿದ ಮೇಲೆ ಸುಮ್ನೆ ಇರೋಕಾಗುತ್ತಾ? 1777ರ ಶುರುವಿನಲ್ಲೇ ನ್ಯೂ ಇಂಗ್ಲೆಂಡ್ ರಾಜ್ಯಗಳು, ಅಂದ್ರೆ ಬಾಸ್ಟನ್ ಸುತ್ತಮುತ್ತಲಿನ ಈಶಾನ್ಯದ ರಾಜ್ಯಗಳು, ದವಸ, ಮಾಂಸ, ಕೂಲಿ ಎಲ್ಲಕ್ಕೂ ಇಷ್ಟೇ ರೇಟು ಅಂತ ಕಾನೂನು ಮಾಡಿದ್ವು. ಆದದ್ದೇನು, ರೈತರು ಮಾಲು ಬಚ್ಚಿಟ್ರು. ಬಾಸ್ಟನ್‌ನಲ್ಲಿ ಒಬ್ಬ ಶ್ರೀಮಂತ ವ್ಯಾಪಾರಿ ಕಾಫಿ ದಾಸ್ತಾನು ಇಟ್ಕೊಂಡು ಕಮಿಟಿಗೆ ಹೇಳಿದ ರೇಟಿಗೆ ಕೊಡಲ್ಲ ಅಂದಿದ್ದಕ್ಕೆ ನೂರೋ ಅದಕ್ಕಿಂತ ಜಾಸ್ತಿಯೋ ಹೆಂಗಸರು ಗಾಡಿ ತಳ್ಕೊಂಡು ಹೋಗಿ ಅವನ ಕುತ್ತಿಗೆ ಪಟ್ಟಿ ಹಿಡಿದು ಗಾಡಿಗೆ ಎಸೆದು, ಬೀಗದ ಕೈ ಕಿತ್ಕೊಂಡು, ಗೋದಾಮು ತೆಗೆದು ಕಾಫಿ ಹೊತ್ಕೊಂಡು ಹೋದ್ರು, ಗಂಡಸರು ದೂರದಲ್ಲಿ ನಿಂತು ನೋಡ್ತಿದ್ರಂತೆ. ಇದನ್ನ 1777ರ ಜುಲೈನಲ್ಲಿ ಅಬಿಗೇಲ್ ಆಡಮ್ಸ್ ತನ್ನ ಗಂಡ ಜಾನ್‌ಗೆ ಪತ್ರದಲ್ಲಿ ಬರೆದಿದ್ದಾಳೆ, ಅಂದ್ರೆ ಫಿಲಡೆಲ್ಫಿಯಾದಲ್ಲಿ ಕೂತು ದೇಶ ನಡೆಸ್ತಿದ್ದ ಅದೇ ವಕೀಲನಿಗೆ. ಫಿಲಡೆಲ್ಫಿಯಾದಲ್ಲೂ ಕಥೆ ಕೆಟ್ಟಿತ್ತು: 1779ರ ಅಕ್ಟೋಬರ್ 4ಕ್ಕೆ ರೊಚ್ಚಿಗೆದ್ದ ಮಿಲಿಷಿಯಾದವರು (ಊರಿನ ಸಾಮಾನ್ಯ ಜನರೇ ಸೇರಿದ ಪಡೆ) ಜೇಮ್ಸ್ ವಿಲ್ಸನ್ ಮನೆ ಸುತ್ತುವರಿದು ಗುಂಡು ಹಾರಿಸಿದ್ರು, ಒಳಗಿಂದಲೂ ಗುಂಡು ಬಂತು, ಎರಡೂ ಕಡೆ ಜನ ಸತ್ರು. ವಿಲ್ಸನ್ ಯಾರು ಅಂದ್ರೆ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲೊಬ್ಬ.

ಇನ್ನು ಸೈನ್ಯ. ಕಾಂಗ್ರೆಸ್ಸಿಗೆ ಸೈನ್ಯ ಬೇಕು, ಆದ್ರೆ ಸೈನ್ಯ ಕಂಡ್ರೆ ಭಯ. ಖಾಯಂ ಸೈನ್ಯ ಇದ್ರೆ ನಾಳೆ ಅದೇ ನಮ್ಮ ಮೇಲೆ ಬೀಳುತ್ತೆ ಅನ್ನೋದು ಅವರ ಕಾಲದ ಎಲ್ಲ ಓದಿದವರ ನಂಬಿಕೆ, ಹಂಗಾಗಿ ಶುರುವಿನಲ್ಲಿ ಒಂದು ವರ್ಷದ ಲೆಕ್ಕದಲ್ಲೇ ಜನ ಸೇರಿಸ್ಕೊಳ್ತಿದ್ರು, ಡಿಸೆಂಬರ್ ಬಂದ್ರೆ ಅರ್ಧ ಸೈನ್ಯ ಮನೆಗೆ ಹೊರಡೋದು. 1776ರ ಡಿಸೆಂಬರ್‌ನಲ್ಲಿ ಬ್ರಿಟಿಷರು ಫಿಲಡೆಲ್ಫಿಯಾ ಕಡೆ ಬರ್ತಿದ್ದಾರೆ ಅಂತ ಕಾಂಗ್ರೆಸ್ ಬಾಲ್ಟಿಮೋರ್‌ಗೆ ಓಡಿತು, ಅಲ್ಲಿ ಕೂತು 27ನೇ ತಾರೀಕು ವಾಷಿಂಗ್ಟನ್‌ಗೆ ಆರು ತಿಂಗಳ ಮಟ್ಟಿಗೆ ದೊಡ್ಡ ಅಧಿಕಾರ ಕೊಟ್ಟಿತು: ಹೊಸ ಪಡೆ ಕಟ್ಟಬಹುದು, ಬೇಕಾದ ಸಾಮಾನು ಜನ ಕೊಡ್ಲಿಲ್ಲ ಅಂದ್ರೆ ನ್ಯಾಯವಾದ ಬೆಲೆ ಕೊಟ್ಟು ಎತ್ಕೊಳ್ಬಹುದು, ಕಾಂಗ್ರೆಸ್ ನೋಟು ಮುಟ್ಟಲ್ಲ ಅನ್ನೋರನ್ನ ಅರೆಸ್ಟ್ ಮಾಡ್ಬಹುದು. ಬೇರೆ ಯಾರಿಗಾದ್ರೂ ಈ ಅಧಿಕಾರ ಕೊಟ್ಟಿದ್ರೆ ಏನಾಗ್ತಿತ್ತೋ. ವಾಷಿಂಗ್ಟನ್ ಅದನ್ನ ಬಹಳ ಹಿಡಿತದಲ್ಲಿ ಬಳಸಿದ. 1777-78ರ ಚಳಿಗಾಲದಲ್ಲಿ ವ್ಯಾಲಿ ಫೋರ್ಜ್‌ನಲ್ಲಿ ಸೈನಿಕರು ಬೂಟಿಲ್ದೆ ಊಟ ಇಲ್ದೆ ಕೂತಿದ್ದಾಗ್ಲೂ, ರೈತರ ಕಣಜಕ್ಕೆ ಕೈ ಹಾಕಿದ್ರೆ ಜನಾನೇ ತಿರುಗಿಬೀಳ್ತಾರೆ ಅಂತ ಅವನು ಹಿಂದೆಮುಂದೆ ನೋಡ್ತಿದ್ದ. ಅಲ್ಲಿ ಸುಮಾರು 2000 ಜನ ಸತ್ರು, ಯುದ್ಧದಲ್ಲಲ್ಲ, ಕಾಯಿಲೆಯಲ್ಲಿ. ಆ ಸೀಮೆಯಲ್ಲಿ ದವಸ ಇರ್ಲಿಲ್ಲ ಅಂತಲ್ಲ, ಗಾಡಿ ಇರ್ಲಿಲ್ಲ, ಗಾಡಿಯವನಿಗೆ ಕೊಡೋಕೆ ದುಡ್ಡಿರ್ಲಿಲ್ಲ, ಸಾಮಾನು ಸಾಗಿಸೋ ಇಲಾಖೆ ತಿಂಗಳುಗಟ್ಟಲೆ ಯಜಮಾನನೇ ಇಲ್ದೆ ಬಿದ್ದಿತ್ತು, ಹತ್ತಿರದ ರೈತರಲ್ಲಿ ಎಷ್ಟೋ ಜನ ಫಿಲಡೆಲ್ಫಿಯಾ ಹಿಡಿದು ಕೂತಿದ್ದ ಬ್ರಿಟಿಷರಿಗೆ ಚಿನ್ನಕ್ಕೆ ಮಾಲು ಮಾರ್ತಿದ್ರು. 1778ರ ಮಾರ್ಚ್‌ನಲ್ಲಿ ನಥಾನಿಯಲ್ ಗ್ರೀನ್ ಅನ್ನೋ ಒಳ್ಳೆ ಜನರಲ್‌ನ ಹಿಡಿದು ಆ ಇಲಾಖೆಗೆ ಹಾಕಿದ ಮೇಲೇ ಸ್ವಲ್ಪ ದಾರಿಗೆ ಬಂತು.

ಪ್ರಮೋಷನ್ ವಿಷಯದಲ್ಲೂ ರಾಜ್ಯಗಳ ಕೋಟಾ. 1777ರ ಫೆಬ್ರವರಿಯಲ್ಲಿ ಐದು ಜನರನ್ನ ಮೇಜರ್ ಜನರಲ್ ಮಾಡುವಾಗ ಬೆನೆಡಿಕ್ಟ್ ಆರ್ನಾಲ್ಡ್‌ನ ಬಿಟ್ಟುಬಿಟ್ರು, ಕನೆಕ್ಟಿಕಟ್‌ನಿಂದ ಆಗ್ಲೇ ಇಬ್ರು ಇದ್ದಾರಲ್ಲ ಅಂತ. ಅವತ್ತಿನ ಮಟ್ಟಿಗೆ ಅವರಲ್ಲಿದ್ದ ಗಟ್ಟಿ ಯೋಧರಲ್ಲಿ ಒಬ್ಬ ಅವನು. 1780ರಲ್ಲಿ ಬ್ರಿಟಿಷರ ಕಡೆ ಹಾರಿದ. ಅವನು ಹಾರಿದ್ದಕ್ಕೆ ಸಾಲ, ದುರಾಸೆ ಎಲ್ಲ ಕಾರಣ ಇವೆ, ಆದ್ರೆ ಈ ಅವಮಾನದ ಹುಳ ಅವನ ತಲೆಯಿಂದ ಹೋಗಿರ್ಲಿಲ್ಲ.

1777ರಲ್ಲೇ ವಾಷಿಂಗ್ಟನ್ ತಗೊಂಡ ಒಂದು ನಿರ್ಧಾರ ಯುದ್ಧಭೂಮಿಯ ಯಾವ ನಿರ್ಧಾರಕ್ಕೂ ಕಮ್ಮಿ ಇಲ್ಲ: ಸಿಡುಬು ಸೈನ್ಯವನ್ನ ತಿಂದುಹಾಕ್ತಾ ಇದೆ ಅಂತ ಇಡೀ ಸೈನ್ಯಕ್ಕೆ ಸಿಡುಬಿನ ಕೀವು ಹಾಕಿಸೋದು. ಆಗಿನ್ನೂ ವ್ಯಾಕ್ಸೀನ್ ಬಂದಿರ್ಲಿಲ್ಲ, ನಿಜವಾದ ಸಿಡುಬನ್ನೇ ಚರ್ಮಕ್ಕೆ ಗೀರಿ ಹಚ್ಚೋದು, ಕೆಲವರು ಸಾಯೋ ಅಪಾಯ ಇತ್ತು, ಎಷ್ಟೋ ವಾರ ಮಲಗ್ಬೇಕಿತ್ತು, ಸುದ್ದಿ ಬ್ರಿಟಿಷರಿಗೆ ಹೋಗದ ಹಾಗೆ ಗುಟ್ಟಾಗಿ ಮಾಡಿಸಿದ್ರು.

ಹಾಗಾದ್ರೆ ನಿಜವಾದ ಆಡಳಿತ ಎಲ್ಲಿತ್ತು? ರಾಜ್ಯಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಊರೂರಿನ ಕಮಿಟಿಗಳಲ್ಲಿ. ಯಾರು ಟೀ ಕುಡೀತಾರೆ, ಯಾರು ರಾಜನ ಪರ ಮಾತಾಡ್ತಾರೆ, ಯಾರು ನೋಟು ಬೇಡ ಅಂತಾರೆ ಅಂತ ಪಕ್ಕದ ಮನೆಯವರೇ ನೋಡ್ತಾ ಇದ್ರು. ನಿಷ್ಠೆಯ ಪ್ರಮಾಣ ಮಾಡಲ್ಲ ಅಂದ್ರೆ ವೋಟಿಲ್ಲ, ಕೋರ್ಟಲ್ಲಿ ಕೇಸ್ ಹಾಕೋ ಹಕ್ಕಿಲ್ಲ, ಎಷ್ಟೋ ಕಡೆ ಆಸ್ತಿ ಜಪ್ತಿ. ಯುದ್ಧ ಮುಗಿಯೋ ಹೊತ್ತಿಗೆ ಸುಮಾರು 60,000 ರಾಜನಿಷ್ಠರು ಕೆನಡಾ, ಇಂಗ್ಲೆಂಡ್, ಕೆರಿಬಿಯನ್ ಅಂತ ದೇಶ ಬಿಟ್ಟು ಹೋದ್ರು, ಅವರ ಜಮೀನು ಮಾರಿ ರಾಜ್ಯಗಳು ಖಜಾನೆ ತುಂಬಿಸ್ಕೊಂಡ್ವು. ಸ್ವಾತಂತ್ರ್ಯದ ಹೆಸರಲ್ಲಿ ನಡೆದ ಯುದ್ಧದಲ್ಲಿ ಈ ಭಾಗವನ್ನ ಅಮೆರಿಕಾದವರು ಜಾಸ್ತಿ ಹೇಳ್ಕೊಳ್ಳಲ್ಲ. ಇನ್ನೊಂದೂ ಹೇಳ್ಕೊಳ್ಳಲ್ಲ: ಸೈನ್ಯಕ್ಕೆ ಜನ ಬರ್ತಿಲ್ಲ ಅಂತ ವರ್ಜೀನಿಯಾ 1780ರಲ್ಲಿ ಯುದ್ಧ ಮುಗಿಯೋ ತನಕ ಇರ್ತೀನಿ ಅಂದವನಿಗೆ 300 ಎಕರೆ ಜಮೀನು, ಜೊತೆಗೆ ಒಬ್ಬ ಗುಲಾಮ ಅಥವಾ ಅದರ ಬದಲು 60 ಪೌಂಡ್ ಅಂತ ಆಫರ್ ಕೊಟ್ಟಿತ್ತು.

ರಾಜ್ಯಗಳ ಗವರ್ನರ್‌ಗಳಿಗೂ ಕೈ ಕಟ್ಟಿ ಹಾಕಿದ್ರು. ಪೆನ್ಸಿಲ್ವೇನಿಯಾ ಅಂತೂ 1776ರಲ್ಲಿ ಗವರ್ನರೇ ಬೇಡ ಅಂತ ಒಂದು ಕೌನ್ಸಿಲ್ ಇಟ್ಕೊಂಡಿತು. ವರ್ಜೀನಿಯಾದಲ್ಲಿ ಗವರ್ನರ್‌ಗೆ ಒಂದೊಂದೇ ವರ್ಷದ ಅವಧಿ, ಕೌನ್ಸಿಲ್ ಕೇಳದೆ ಏನೂ ಮಾಡೋ ಹಾಗಿಲ್ಲ. ಅಲ್ಲಿ 1779ರಿಂದ ಗವರ್ನರ್ ಆಗಿದ್ದವನು ಥಾಮಸ್ ಜೆಫರ್ಸನ್. ಸ್ವಾತಂತ್ರ್ಯ ಘೋಷಣೆ ಬರೆದ ಮಹಾನುಭಾವ, ಆದ್ರೆ ಯುದ್ಧಕಾಲದ ಆಡಳಿತ ಅವನ ಕೈಗೆ ಹತ್ತಲಿಲ್ಲ. 1781ರ ಜನವರಿಯಲ್ಲಿ ಬ್ರಿಟಿಷ್ ಯೂನಿಫಾರ್ಮ್ ಹಾಕ್ಕೊಂಡ ಅದೇ ಬೆನೆಡಿಕ್ಟ್ ಆರ್ನಾಲ್ಡ್ ಬಂದು ರಿಚ್ಮಂಡ್‌ಗೆ ಬೆಂಕಿ ಇಟ್ಟು ಹೋದ. ಜೂನ್ 4ಕ್ಕೆ ಬ್ರಿಟಿಷ್ ಕುದುರೆ ಸವಾರರು ಜೆಫರ್ಸನ್ ಮನೆಗೇ ಬಂದ್ರು, ಅವನು ಸ್ವಲ್ಪದರಲ್ಲಿ ತಪ್ಪಿಸ್ಕೊಂಡ. ಅಷ್ಟರಲ್ಲಿ ಅವನ ಅವಧಿ ಎರಡು ದಿನ ಮುಂಚೆ ಮುಗಿದಿತ್ತು, ಹೊಸಬನನ್ನ ಆರಿಸಿರ್ಲಿಲ್ಲ, ಶತ್ರು ಒಳಗೆ ನುಗ್ಗಿರುವಾಗ ಅಷ್ಟು ದೊಡ್ಡ ರಾಜ್ಯಕ್ಕೆ ಒಂದು ವಾರಕ್ಕೂ ಜಾಸ್ತಿ ಗವರ್ನರೇ ಇರ್ಲಿಲ್ಲ! ಆಮೇಲೆ ಅವನ ನಡವಳಿಕೆ ಮೇಲೆ ವಿಚಾರಣೆ ಅಂತ ಆಯ್ತು, ಡಿಸೆಂಬರ್‌ನಲ್ಲಿ ತಪ್ಪಿಲ್ಲ ಅಂತ ಬಿಟ್ರು. ಸೌತ್ ಕೆರೊಲಿನಾ ಪೂರ್ತಿ ಉಲ್ಟಾ. 1780ರಲ್ಲಿ ಬ್ರಿಟಿಷರು ಚಾರ್ಲ್ಸ್‌ಟನ್ ಮುತ್ತಿಗೆ ಹಾಕಿದಾಗ ಅಲ್ಲಿನ ಸಭೆ ಗವರ್ನರ್ ಜಾನ್ ರಟ್ಲೆಜ್‌ಗೆ, ವಿಚಾರಣೆ ಇಲ್ದೆ ಯಾರನ್ನೂ ಸಾಯಿಸ್ಬೇಡ, ಉಳಿದಿದ್ದೆಲ್ಲ ನಿನ್ನಿಷ್ಟ ಅಂತ ಅಧಿಕಾರ ಕೊಟ್ಟು ಮನೆಗೆ ಹೋಯ್ತು. ಊರು ಬಿದ್ದ ಮೇಲೆ ಆ ರಾಜ್ಯದ ಸರ್ಕಾರ ಅಂದ್ರೆ ಓಡಾಡ್ತಿದ್ದ ಅವನೊಬ್ಬನೇ.

ಇಲ್ಲಿ ನಮ್ಮ ಕಡೆಯ ಒಂದು ಎಳೆ ಬರುತ್ತೆ. 1778ರ ಫೆಬ್ರವರಿಯಲ್ಲಿ ಫ್ರಾನ್ಸ್ ಅಮೆರಿಕಾ ಜೊತೆ ಕೈ ಜೋಡಿಸ್ತು, ಅದಕ್ಕೆ ಬ್ರಿಟಿಷರು ಇಂಡಿಯಾದಲ್ಲಿದ್ದ ಫ್ರೆಂಚ್ ಜಾಗಗಳನ್ನ ಹಿಡಿಯೋಕೆ ಶುರು ಮಾಡಿದ್ರು, 1779ರಲ್ಲಿ ಕೇರಳ ಕರಾವಳಿಯ ಮಾಹೆ ಹಿಡಿದ್ರು, ಮಾಹೆ ಬಂದರಿನಿಂದ ಹೈದರ್ ಅಲಿಗೆ ಮದ್ದುಗುಂಡು ಬರ್ತಿತ್ತು, ಹೈದರ್ ಕೆರಳಿ 1780ರಲ್ಲಿ ಕರ್ನಾಟಿಕ್‌ಗೆ (ಈಗಿನ ತಮಿಳುನಾಡಿನ ಕಡೆ) ನುಗ್ಗಿ ಪೊಳ್ಳಿಲೂರಿನಲ್ಲಿ ಬ್ರಿಟಿಷ್ ಕರ್ನಲ್ ಬೇಯ್ಲಿಯ ಸೈನ್ಯವನ್ನ ನುಚ್ಚುನೂರು ಮಾಡಿದ. ಆ ಸುದ್ದಿ ಅಮೆರಿಕಾ ತನಕ ಹೋಗಿತ್ತು. ಯಾಕೆ ಹೇಳ್ತಿದ್ದೀನಿ ಅಂದ್ರೆ, 1782ರ ಹೊತ್ತಿಗೆ ಕಾಂಗ್ರೆಸ್ಸಿನ ನೌಕಾಪಡೆ ಅಂತ ಹೇಳ್ಕೊಳ್ಳೋಕೆ ಹೆಚ್ಚೇನೂ ಉಳಿದಿರ್ಲಿಲ್ಲ, ಡೆಲವೇರ್ ನದಿ ಬಾಯಲ್ಲಿ ವ್ಯಾಪಾರಿ ಹಡಗುಗಳು ಲೂಟಿ ಆಗ್ತಿದ್ವು, ಕಾಂಗ್ರೆಸ್ ಕೈಲಿ ಆಗಲ್ಲ ಅಂತ ಗೊತ್ತಾಗಿ ಫಿಲಡೆಲ್ಫಿಯಾ ವ್ಯಾಪಾರಿಗಳು ಮತ್ತೆ ಪೆನ್ಸಿಲ್ವೇನಿಯಾ ರಾಜ್ಯ ಸೇರಿ ಒಂದು ಸರಕು ಹಡಗಿಗೆ ಫಿರಂಗಿ ಕೂರಿಸಿ ಕಾವಲಿಗೆ ಬಿಟ್ರು. ಆ ಹಡಗಿನ ಹೆಸರು ಹೈದರ್ ಅಲಿ! ಏಪ್ರಿಲ್ 8ಕ್ಕೆ ಜೋಶುವಾ ಬಾರ್ನಿ ಅನ್ನೋ 22 ವರ್ಷದ ಕ್ಯಾಪ್ಟನ್ ಆ ಹಡಗಲ್ಲಿ ಹೋಗಿ, ತನಗಿಂತ ಬಲವಾಗಿದ್ದ ಬ್ರಿಟಿಷರ ಜನರಲ್ ಮಂಕ್ ಹಡಗನ್ನ ಹಿಡ್ಕೊಂಡು ಬಂದ.

ದೇಶದ ಸರ್ಕಾರದ ಕೈಲಿ ಆಗದ್ದನ್ನ ವ್ಯಾಪಾರಿಗಳು ಮಾಡ್ತಿದ್ರು ಅನ್ನೋದಕ್ಕೆ ದೊಡ್ಡ ಉದಾಹರಣೆ ರಾಬರ್ಟ್ ಮಾರಿಸ್. 1781ರ ಫೆಬ್ರವರಿಯಲ್ಲಿ ಕಾಂಗ್ರೆಸ್ ಕೊನೆಗೂ ಕಮಿಟಿಗಳ ಕಾಟ ಬಿಟ್ಟು ಹಣಕಾಸಿಗೆ ಅಂತ ಒಬ್ಬ ಸೂಪರಿಂಟೆಂಡೆಂಟ್‌ನ ಇಟ್ಟಿತು, ಅದೇ ಇವನು, ಫಿಲಡೆಲ್ಫಿಯಾದ ಭಾರೀ ವ್ಯಾಪಾರಿ. ಜನ ಕಾಂಗ್ರೆಸ್ ನೋಟು ಮುಟ್ಟಲ್ಲ, ಆದ್ರೆ ಮಾರಿಸ್ ಸಹಿ ಹಾಕಿದ ಚೀಟಿ ತಗೋತಿದ್ರು, ದೇಶಕ್ಕಿಂತ ಒಬ್ಬ ವ್ಯಾಪಾರಿಯ ಸಹಿಗೆ ಬೆಲೆ ಜಾಸ್ತಿ ಇತ್ತು ಅನ್ನೋದನ್ನ ಸ್ವಲ್ಪ ಯೋಚನೆ ಮಾಡಿ. ಅದೇ ವರ್ಷ ಯಾರ್ಕ್‌ಟೌನ್ ಕಡೆ ಹೊರಟ ಸೈನಿಕರು ದಾರಿಯಲ್ಲಿ ಸಂಬಳ ಕೇಳಿದಾಗ ಮಾರಿಸ್ ಫ್ರೆಂಚ್ ಸೈನ್ಯದ ಪೆಟ್ಟಿಗೆಯಿಂದ 20,000 ಡಾಲರ್ ಬೆಳ್ಳಿ ಸಾಲ ತಂದು ಒಂದು ತಿಂಗಳ ಸಂಬಳ ಹಂಚಿಸಿದ. ಜೋಸೆಫ್ ಪ್ಲಮ್ ಮಾರ್ಟಿನ್ ಅನ್ನೋ ಕನೆಕ್ಟಿಕಟ್ ಸಿಪಾಯಿ ಆಮೇಲೆ ಬರೆದ ಪ್ರಕಾರ, 1776 ಆದ ಮೇಲೆ ಯುದ್ಧ ಮುಗಿಯೋ ತನಕ ದುಡ್ಡು ಅಂತ ಕರೆಯೋ ಹಾಗಿದ್ದ ಸಂಬಳ ಅವರ ಕೈಗೆ ಬಂದಿದ್ದು ಅದೊಂದೇ ಸಲ. 1782ರ ಜನವರಿಯಲ್ಲಿ ಮಾರಿಸ್ ಒಂದು ಬ್ಯಾಂಕನ್ನೂ ಶುರು ಮಾಡಿಸಿದ, ಬ್ಯಾಂಕ್ ಆಫ್ ನಾರ್ತ್ ಅಮೆರಿಕಾ, ಅದರ ಬಂಡವಾಳದಲ್ಲೂ ಬಹುಪಾಲು ಫ್ರಾನ್ಸ್‌ನಿಂದ ಬಂದ ಬೆಳ್ಳಿ.

ಆದ್ರೆ ಸಾಲ ತಂದು ಎಷ್ಟು ದಿನ ನಡೆಸೋದು? 1782ರ ಖರ್ಚಿಗೆ ಕಾಂಗ್ರೆಸ್ ರಾಜ್ಯಗಳನ್ನ ಕೇಳಿದ್ದು 80 ಲಕ್ಷ ಡಾಲರ್, ಬಂದಿದ್ದು 4 ಲಕ್ಷ ಚಿಲ್ಲರೆ. ಹೊರಗಿಂದ ಬರೋ ಮಾಲಿನ ಮೇಲೆ ಶೇಕಡಾ 5 ಸುಂಕ ಹಾಕೋ ಹಕ್ಕಾದ್ರೂ ಕೊಡಿ ಅಂತ 1781ರಲ್ಲೇ ಕೇಳಿತ್ತು, 12 ರಾಜ್ಯ ಹೂಂ ಅಂದ್ವು, ರೋಡ್ ಐಲ್ಯಾಂಡ್ ಊಹೂಂ ಅಂತು. 13ಕ್ಕೆ 13 ಬೇಕು ಅನ್ನೋ ರೂಲು ಇತ್ತಲ್ಲ, ಮುಗೀತು ಕಥೆ. ಅದನ್ನ ನೋಡಿ ವರ್ಜೀನಿಯಾನೂ ಕೊಟ್ಟ ಒಪ್ಪಿಗೆ ವಾಪಸ್ ತಗೊಂಡಿತು.

ಸಂಬಳ ಇಲ್ಲದ ಸೈನ್ಯ ಎಷ್ಟು ದಿನ ಸುಮ್ನಿರುತ್ತೆ? 1781ರ ಜನವರಿ 1ನೇ ತಾರೀಕಿಗೇ ಪೆನ್ಸಿಲ್ವೇನಿಯಾ ಪಡೆ ದಂಗೆ ಎದ್ದು, ಫಿರಂಗಿ ಎಳ್ಕೊಂಡು ಫಿಲಡೆಲ್ಫಿಯಾ ಕಡೆ ಹೊರಟಿತ್ತು. ಬ್ರಿಟಿಷ್ ಜನರಲ್ ಕ್ಲಿಂಟನ್ ಇದೇ ಛಾನ್ಸ್ ಅಂತ ಗುಟ್ಟಾಗಿ ಜನ ಕಳ್ಸಿ, ನಮ್ಮ ಕಡೆ ಬನ್ನಿ ಬಾಕಿ ಸಂಬಳ ನಾವು ಕೊಡ್ತೀವಿ ಅಂದ, ದಂಗೆಕೋರರು ಬಂದವರನ್ನ ಹಿಡಿದು ಒಪ್ಪಿಸಿದ್ರು, ಅವರಿಗೆ ನೇಣಾಯ್ತು. ಅಂದ್ರೆ ಇವರು ದ್ರೋಹಿಗಳಲ್ಲ, ಸಂಬಳ ಕೇಳಿದವರು. ರಾಜ್ಯ ಮಾತುಕತೆಗೆ ಬಂದು ಅರ್ಧ ಜನಕ್ಕೆ ಬಿಡುಗಡೆ ಕೊಟ್ಟಿತು. ಅದೇ ತಿಂಗಳು ನ್ಯೂಜೆರ್ಸಿ ಪಡೆ ಎದ್ದಾಗ ಮಾತ್ರ ವಾಷಿಂಗ್ಟನ್ ಮಾತುಕತೆ ಬೇಡ ಅಂದ, ಇಬ್ಬರು ಮುಂದಾಳುಗಳನ್ನ ಅವರ ಜೊತೆಯವರ ಕೈಯಲ್ಲೇ ಗುಂಡಿಕ್ಕಿಸಿದ್ರು.

ಇದಕ್ಕಿಂತ ಅಪಾಯದ್ದು 1783ರ ಮಾರ್ಚ್‌ನಲ್ಲಿ ಬಂದಿದ್ದು. ಯುದ್ಧ ಹೆಚ್ಚು ಕಡಿಮೆ ಮುಗಿದಿದೆ, ನ್ಯೂಯಾರ್ಕ್ ರಾಜ್ಯದ ನ್ಯೂಬರ್ಗ್‌ನಲ್ಲಿ ಸೈನ್ಯ ಕೂತಿದೆ, 1780ರಲ್ಲಿ ಆಫೀಸರ್‌ಗಳಿಗೆ ಜೀವನಪೂರ್ತಿ ಅರ್ಧ ಸಂಬಳ ಅಂತ ಮಾತು ಕೊಟ್ಟಿದ್ದ ಕಾಂಗ್ರೆಸ್ ಕೈಲಿ ಕಾಸಿಲ್ಲ. ಹೆಸರಿಲ್ಲದ ಒಂದು ಪತ್ರ ಹರಿದಾಡಿತು: ನಮ್ಮ ಬಾಕಿ ಕೊಡೋ ತನಕ ಕೋವಿ ಕೆಳಗಿಡೋದು ಬೇಡ ಅಂತ. ಫಿಲಡೆಲ್ಫಿಯಾದಲ್ಲಿ ಕೆಲವು ರಾಜಕಾರಣಿಗಳಿಗೂ ಇದು ಬೇಕಾಗಿತ್ತು, ಅಲೆಕ್ಸಾಂಡರ್ ಹ್ಯಾಮಿಲ್ಟನ್ ಸೇರಿ, ಸೈನ್ಯದ ಭಯ ತೋರಿಸಿದ್ರೆ ರಾಜ್ಯಗಳು ಟ್ಯಾಕ್ಸಿಗೆ ಒಪ್ಪಬಹುದು ಅನ್ನೋ ಲೆಕ್ಕ. ಮಾರ್ಚ್ 15ಕ್ಕೆ ವಾಷಿಂಗ್ಟನ್ ಆಫೀಸರ್‌ಗಳ ಸಭೆಗೆ ಹೋದ, ಭಾಷಣ ಮಾಡಿದ, ಯಾರೂ ಅಷ್ಟಾಗಿ ಕರಗಿರ್ಲಿಲ್ಲ, ಆಮೇಲೆ ಒಬ್ಬ ಕಾಂಗ್ರೆಸ್ ಮೆಂಬರ್ ಪತ್ರ ಓದೋಕೆ ಜೇಬಿಂದ ಕನ್ನಡಕ ತೆಗೆದು, ನಿಮ್ಮ ಸೇವೆಯಲ್ಲಿ ಕೂದಲು ನರೆತಿದ್ದಷ್ಟೇ ಅಲ್ಲ, ಕಣ್ಣೂ ಕಾಣ್ತಿಲ್ಲ ಅನ್ನೋ ಅರ್ಥದಲ್ಲಿ ಏನೋ ಹೇಳಿದ, ಎಷ್ಟೋ ಜನ ಅತ್ತುಬಿಟ್ರು, ಪ್ಲಾನು ಅಲ್ಲಿಗೆ ಸತ್ತುಹೋಯ್ತು. ಇದನ್ನ ನಾಟಕ ಅನ್ನೋರೂ ಇದ್ದಾರೆ. ಇರಬಹುದು, ಆದ್ರೆ ಅದೇ ಕೈಯಲ್ಲಿ ಅವನು ಸೈನ್ಯವನ್ನ ಫಿಲಡೆಲ್ಫಿಯಾಗೆ ತಿರುಗಿಸಬಹುದಿತ್ತು, ತಿರುಗಿಸ್ಲಿಲ್ಲ. ಆಮೇಲೆ ಹ್ಯಾಮಿಲ್ಟನ್‌ಗೆ ಬರೆದ ಪತ್ರದಲ್ಲಿ, ಸೈನ್ಯ ಆಟ ಆಡೋ ವಸ್ತು ಅಲ್ಲ ಅಂತ ಬಿಸಿ ಮುಟ್ಟಿಸಿದ.

ಜೂನ್‌ನಲ್ಲಿ ಮತ್ತೆ ನೂರಾರು ಸೈನಿಕರು ಸಂಬಳ ಕೇಳ್ಕೊಂಡು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ ಸೇರಿದ್ದ ಕಟ್ಟಡದ ಸುತ್ತ ನಿಂತ್ರು. ಕಾಂಗ್ರೆಸ್ ಪೆನ್ಸಿಲ್ವೇನಿಯಾ ಸರ್ಕಾರವನ್ನ ಮಿಲಿಷಿಯಾ ಕಳ್ಸಿ ಅಂತ ಕೇಳಿತು, ಅಲ್ಲಿನ ಮುಖ್ಯಸ್ಥ ಆಗಿದ್ದ ಜಾನ್ ಡಿಕಿನ್ಸನ್, ಹೌದು, ಆ ಒಪ್ಪಂದದ ಕರಡು ಬರೆದವನೇ, ಕಳ್ಸಲಿಲ್ಲ. ಗೆದ್ದ ದೇಶದ ಸರ್ಕಾರ ಪ್ರಿನ್ಸ್‌ಟನ್‌ಗೆ, ಅಲ್ಲಿಂದ ಅನ್ನಾಪೊಲಿಸ್‌ಗೆ ಗಂಟುಮೂಟೆ ಕಟ್ಟಿತು. ಯಾವ ರಾಜ್ಯಕ್ಕೂ ಸೇರದ ರಾಜಧಾನಿ ಬೇಕು ಅನ್ನೋ ಯೋಚನೆಗೆ ಬಲ ಬಂದಿದ್ದು ಇಲ್ಲಿಂದ. ಅನ್ನಾಪೊಲಿಸ್‌ನಲ್ಲಿ ಡಿಸೆಂಬರ್ 23ಕ್ಕೆ ವಾಷಿಂಗ್ಟನ್ ರಾಜೀನಾಮೆ ಕೊಟ್ಟು ಮನೆಗೆ ಹೋದ. ಬ್ರಿಟನ್ ಜೊತೆಗಿನ ಶಾಂತಿ ಒಪ್ಪಂದ ಅಂಗೀಕಾರ ಮಾಡೋಕೆ 9 ರಾಜ್ಯ ಹಾಜರಿರಬೇಕು, ಗಡುವು ಹತ್ತಿರ ಬಂದ್ರೂ ಮೆಂಬರ್‌ಗಳೇ ಬರ್ತಿಲ್ಲ, ಅಂತೂ ಇಂತೂ 1784ರ ಜನವರಿ 14ಕ್ಕೆ ಕೋರಂ ಆಗಿ ಸಹಿ ಬಿತ್ತು.

ಈ ಪಾಡು ನೋಡಿದವರೇ 1787ರಲ್ಲಿ ಹೊಸ ಸಂವಿಧಾನ ಬರೆದಿದ್ದು, ಅದರಲ್ಲಿ ಕಾಂಗ್ರೆಸ್‌ಗೆ ಕೊಟ್ಟ ಅಧಿಕಾರಗಳ ಪಟ್ಟಿಯಲ್ಲಿ ಮೊಟ್ಟಮೊದಲ ಸಾಲೇ ಟ್ಯಾಕ್ಸ್ ಹಾಕೋದು. 1790ರಲ್ಲಿ ಹಣಕಾಸು ಮಂತ್ರಿ ಆಗಿದ್ದ ಹ್ಯಾಮಿಲ್ಟನ್ ಯುದ್ಧದ ಹಳೇ ಸಾಲ ಎಲ್ಲ ತೀರಿಸೋಣ ಅಂದ. ಆದ್ರೆ ಸಂಬಳದ ಬದಲು ಸೈನಿಕರಿಗೆ ಕೊಟ್ಟಿದ್ದ ಸರ್ಟಿಫಿಕೇಟುಗಳು ಅಷ್ಟೊತ್ತಿಗೆ ಸೈನಿಕರ ಹತ್ರ ಇರ್ಲಿಲ್ಲ, ಮನೆ ಕಷ್ಟಕ್ಕೆ ಡಾಲರಿಗೆ ಹತ್ತು ಹದಿನೈದು ಸೆಂಟ್‌ನಂತೆ ಸಿಕ್ಕಿದಷ್ಟಕ್ಕೆ ಮಾರ್ಕೊಂಡಿದ್ರು. ಈಗ ಕೈಯಲ್ಲಿ ಇಟ್ಕೊಂಡಿರೋರಿಗೇ ಪೂರ್ತಿ ದುಡ್ಡು ಅಂತ ಹ್ಯಾಮಿಲ್ಟನ್, ಮೊದಲು ಪಡೆದ ಸೈನಿಕನಿಗೂ ಒಂದು ಪಾಲು ಕೊಡಿ ಅಂತ ಕಾಂಗ್ರೆಸ್ ಮೆಂಬರ್ ಜೇಮ್ಸ್ ಮ್ಯಾಡಿಸನ್. ಮ್ಯಾಡಿಸನ್‌ಗೆ ಬಿದ್ದಿದ್ದು 13 ವೋಟು, ವಿರುದ್ಧ 36. ಯುದ್ಧಕಾಲದಲ್ಲಿ ಕಾಂಗ್ರೆಸ್ ಪ್ರಿಂಟ್ ಮಾಡಿದ್ದ ಹಳೇ ನೋಟು ಇನ್ನೂ ಇಟ್ಕೊಂಡಿದ್ದವರಿಗೆ ನೂರು ಡಾಲರಿಗೆ ಒಂದು ಡಾಲರ್. ಈ ಸಾಲ ತೀರಿಸೋಕೆ ದುಡ್ಡು ಬೇಕಲ್ಲ, 1791ರಲ್ಲಿ ವಿಸ್ಕಿ ಮೇಲೆ ಟ್ಯಾಕ್ಸ್ ಹಾಕಿದ್ರು, ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ಕೊಡಲ್ಲ ಅಂತ ಕೋವಿ ಎತ್ಕೊಂಡ್ರು. 1794ರ ಜುಲೈನಲ್ಲಿ ಟ್ಯಾಕ್ಸ್ ಅಧಿಕಾರಿಯ ಮನೆ ಮುಂದೆ ಗುಂಡು ತಿಂದು ಸತ್ತ ಅವರ ಮುಂದಾಳು ಜೇಮ್ಸ್ ಮೆಕ್‌ಫಾರ್ಲೇನ್ ಇದೇ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿ ಬಂದವನು. ಆ ರೈತರನ್ನ ಅಡಗಿಸೋಕೆ ಸುಮಾರು 13,000 ಮಿಲಿಷಿಯಾ ಹೊರಟಿತು, ದಾರಿಯಲ್ಲಿ ಒಂದಷ್ಟು ದೂರ ಅದರ ಜೊತೆ ಹೋದವನು ಪ್ರೆಸಿಡೆಂಟ್ ಜಾರ್ಜ್ ವಾಷಿಂಗ್ಟನ್.